ನೀವು ಕಳಿಸಿದ ಮಾತ್ರೆಗಳು

೧೬ ಮಾರ್ಚ್, ಭಾನುವಾರ

ನನ್ನ ಮುದ್ದಿನ ಅಪ್ಪನಿಗೆ,

ಬೇಗ ಬರೆಯಲಿಲ್ಲವೆಂದು ಬೈಯಬೇಡಿ. ಹೆಬ್ಬೆರಳಿನ ಆಪರೇಷನ್ ಆದ ಮೇಲೆ ಬಲಗೈ ಇನ್ನೂ ಬ್ಯಾಂಡೇಜಿನಲ್ಲಿದೆ. ಇದು ಎಡಗೈಯ ಬರಹ, ಕೋಳಿ ಕೆದರಿದ ಹಾಗಿದೆ. ಕಾನ್ವೆಂಟಿನಲ್ಲಿ ಓದಿದವಳ ಕನ್ನಡ ಬಲಗೈಯಲ್ಲೂ ಹೀಗೇ ಇತ್ತು ಅನ್ನಬೇಡಿ!

ನಾನು ಸುಖವಾಗಿದ್ದೇನೆ ಅಪ್ಪಾ, ನಾಚಿಕೆಯಾಗುವಷ್ಟು ಸುಖವಾಗಿದ್ದೇನೆ. ಕೈ ಎದೆಗಿಂತ ಮೇಲಿರಲಿ ಎಂದರು ಡಾಕ್ಟರು. ನನ್ನ ಗಂಡ (ಈ ಪದ ಬರೆಯುವಾಗ ಈಗಲೂ ನಗು ಬರುತ್ತದೆ) ತನ್ನ ಟೈಯಿಂದ ನನ್ನ ಕೈಯನ್ನು ಕಿಟಕಿಯ ಪರದೆಯ ಸರಳಿಗೆ ಕಟ್ಟಿಬಿಟ್ಟ. ಅತ್ತೆ ಬಂದು ನೋಡಿ, "ಏನೋ ಇದು, ಹೆಂಡ್ತೀನ ಒಣಗ್ಹಾಕಿದ್ದೀಯಾ?" ಎಂದರು. ಆಮೇಲೆ ನನಗೆ ಕೈ ಇಡಲು ದಿಂಬು ಸಿಕ್ಕಿತು.

ನಿಮ್ಮ ಪಾರ್ಸೆಲ್ ಬಂತು. ನೀವು ನುಂಗುವ ಅದೇ ಸ್ಟ್ರಾಂಗ್ ನೋವಿನ ಮಾತ್ರೆಗಳು, ಅಫೀಮಿನ ಜಾತಿಯವು, ಜೊತೆಗೊಂದು ಚೀಟಿ: "ವೀರಾಧಿವೀರೆ ಥರ ಹಲ್ಲು ಕಚ್ಕೊಂಡು ಕೂರ್ಬೇಡ ಮಗಳೇ, ಒಂದು ನುಂಗಿ ಮಲಕ್ಕೋ." ಕ್ಷಮಿಸಿ, ನುಂಗಲಿಲ್ಲ. ನುಂಗುವುದೂ ಇಲ್ಲ.

ಡಾಕ್ಟರನ್ನೇ ಕೇಳಿದೆ, "ಅಫೀಮಿನ ಜಾತಿಯ ಮಾತ್ರೆ ಬೇಡ ಅಂದ್ರೆ ನೋವು ತಡ್ಕೊಳ್ಳೋಕಾಗುತ್ತಾ?"

"ಇಷ್ಟು ಸಣ್ಣ ಆಪರೇಷನ್ನಿಗೆ ಹೆಚ್ಚಿನವರಿಗೆ ಮಾಮೂಲಿ ಮಾತ್ರೆಗಳೇ ಸಾಕಮ್ಮ. ಎರಡನ್ನೂ ಹೋಲಿಸಿ ನೋಡಿದ್ದಾರೆ, ನೋವಲ್ಲಿ ಅಂಥ ವ್ಯತ್ಯಾಸ ಇಲ್ಲ. ವಾಕರಿಕೆ, ತೂಕಡಿಕೆ, ಚಟ ಹತ್ತೋ ಭಯ, ಇವು ಮಾತ್ರ ಆ ಕಡೆ ಜಾಸ್ತಿ," ಎಂದರು.

ಜ್ವರಕ್ಕೆ ಕೊಡುವ ಮಾತ್ರೆ, ಊತಕ್ಕೊಂದು. ನನಗೆ ಕೊಟ್ಟದ್ದು ಅಷ್ಟೇ. ಮೊದಲ ದಿನ ಬೆರಳು ಸುತ್ತಿಗೆ ಏಟು ತಿಂದಂತೆ ಬಡಿದುಕೊಂಡಿತು, ಸುಳ್ಳು ಹೇಳುವುದಿಲ್ಲ. ಅತ್ತೆಯ ಮೇಲೆ ಸಿಡುಕಿದೆ, ಅವರು ನಕ್ಕರು. ಆಮೇಲೆ ಇಳಿಯುತ್ತಾ ಬಂತು. ನಿನ್ನೆ ಅದೇ ಕೈಯಿಂದ ಗಂಡನ ಕಿವಿ ಹಿಂಡಲೂ ನೋಡಿದೆ!

ನಿಮ್ಮ ಮಾತ್ರೆಗಳನ್ನು ಆಸ್ಪತ್ರೆಯ ಔಷಧದಂಗಡಿಗೆ ಒಪ್ಪಿಸಿಬಿಟ್ಟೆ. ಬೈಯಿರಿ. ನಿಮ್ಮ ಮಣಿಕಟ್ಟಿನ ಆಪರೇಷನ್ ವಾಸಿಯಾಗಿ ಎರಡು ವರ್ಷವಾಯಿತು. ಇನ್ನೂ ಯಾವ ನೋವಿಗೆ ನುಂಗುತ್ತಿದ್ದೀರಿ ಅಪ್ಪಾ? ಒಮ್ಮೆಲೇ ನಿಲ್ಲಿಸಬಾರದಂತೆ, ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರಂತೆ. ಗುರುವಾರ ನಿಮ್ಮನ್ನು ಅವರ ಬಳಿಗೆ ಕರೆದೊಯ್ಯಲು ಬರುತ್ತೇವೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆಯೇ ಕೂರುತ್ತೇನೆ. ನನ್ನನ್ನು ಅಲ್ಲಿಂದ ಎಬ್ಬಿಸುವುದು ನಿಮ್ಮ ಕೈಲಾಗದು.

ನೂರು ಕಾಲ ಗಟ್ಟಿಯಾಗಿದ್ದು ನನ್ನನ್ನು ಬೈಯುತ್ತಿರಿ.

ನಿಮ್ಮ ಹಟಮಾರಿ

ತಾ.ಕ.: ಮದುವೆಯ ದಿನ ಹೊರಡುವ ಮುಂಚೆ ನಿಮ್ಮ ಕಾಲಿಗೆ ಬೀಳಲು ಬಂದೆ. ಕುರ್ಚಿಯಲ್ಲಿ ತೂಕಡಿಸುತ್ತಿದ್ದಿರಿ. ಎಬ್ಬಿಸಿದರೆ ಕಣ್ಣು ಬಿಟ್ಟು, "ಯಾರ ಮದುವೇಮ್ಮ ಇವತ್ತು?" ಎಂದಿರಿ. ಅಪ್ಪ ತಮಾಷೆ ಮಾಡಿದರು ಎಂದು ಎಲ್ಲರೆದುರು ನಕ್ಕೆ. ನನ್ನ ಗಂಡನೂ ಇವತ್ತಿಗೂ ಹಾಗೇ ನಂಬಿದ್ದಾನೆ.