ಮಗ್ಗದ ಮನೆಯ ಮಗುವಿನ ತೂಕ

ಮಕ್ಕಳ ಪೋಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಕರುಣಾಳ ತೂಕದ ಕಾರ್ಡಿನಲ್ಲಿ ತಾವು ಕೆಂಪು ಶಾಯಿಯಿಂದ ಬರೆದಿರುವ ‘ತಾಯಿಯ ನಿರ್ಲಕ್ಷ್ಯ’ ಎಂಬ ಎರಡು ಪದಗಳನ್ನು ಹೊಡೆದುಹಾಕಬೇಕೆಂದು ಕೇಳಲು ಈ ಪತ್ರ. ಮೂರು ಸಲ ಕಚೇರಿಗೆ ಬಂದೆ. ಮೂರು ಸಲವೂ ತಾವು ಮಕ್ಕಳ ಆರೋಗ್ಯದ ಸಭೆಯಲ್ಲಿದ್ದಿರಿ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ತಮ್ಮ ಕಣ್ಣಿಗೂ ಬೀಳಬಹುದು.

ನಾನು ನಾರಾಯಣಪೇಟೆಯ ನೇಕಾರ. ನಮ್ಮದು ಒಂದೇ ಕೋಣೆಯ ಮನೆ. ಅದರ ಮುಕ್ಕಾಲು ಪಾಲು ಮಗ್ಗದ್ದು. ಉಳಿದದ್ದರಲ್ಲಿ ನಾನು, ಹೆಂಡತಿ ಬುಚ್ಚಮ್ಮ, ಮಗ ಶ್ರೀನಾಥ, ಸೊಸೆ ಪ್ರಶಾಂತಿ, ನಾಲ್ಕು ವರ್ಷದ ಕರುಣಾ. ಬಾಗಿಲು ತೆರೆದರೆ ಲಾರಿಗಳು ತಿರುಗುವ ರಸ್ತೆ. ಮಗು ಒಳಗೆ ಓಡಿದರೆ ಮಗ್ಗದ ಎಳೆ ಹರಿಯುತ್ತದೆ, ಹೊರಗೆ ಓಡಿದರೆ ನಮ್ಮ ಎದೆ ಒಡೆಯುತ್ತದೆ. ಹೀಗಾಗಿ ಅವಳನ್ನು ಮೂಲೆಯ ಚಾಪೆಯ ಮೇಲೆ ಕೂರಿಸುತ್ತೇವೆ. ಕೂತ ಮಗು ಕೂತೇ ಇರಬೇಕಾದರೆ ಕೈಗೆ ಏನಾದರೂ ಕೊಡಬೇಕಲ್ಲ? ನಾನು ಬಿಸ್ಕತ್ತು ಕೊಡುತ್ತೇನೆ. ಅದು ಗೊತ್ತಿಲ್ಲದೆ ಬುಚ್ಚಮ್ಮ ಶೇಂಗಾ-ಬೆಲ್ಲ ಕೊಡುತ್ತಾಳೆ. ಎರಡೂ ಗೊತ್ತಿಲ್ಲದೆ ಶ್ರೀನಾಥ ಮಿರ್ಚಿ ಭಜಿ ತರುತ್ತಾನೆ. ಬೆಳಗಿನಿಂದ ಯಾರೂ ಏನೂ ಕೊಟ್ಟಿಲ್ಲವೆಂದು ಮೂವರಿಗೂ ಬೇರೆಬೇರೆಯಾಗಿ ತಿಳಿಸುವವಳು ಕರುಣಾ. ಹೊತ್ತಿಗೆ ಸರಿಯಾಗಿ ಊಟ ಬಿಟ್ಟು ಬೇರೇನನ್ನೂ ಕೊಡದವಳು ಮನೆಯಲ್ಲಿ ಪ್ರಶಾಂತಿ ಒಬ್ಬಳೇ. ತಮ್ಮ ಕೆಂಪು ಶಾಯಿ ಹುಡುಕಿ ಹಿಡಿದದ್ದು ಅವಳನ್ನು.

ಅಂಗನವಾಡಿಯಲ್ಲಿ ತೂಕ ನೋಡಿ, ವಯಸ್ಸಿಗೆ ಮೀರಿದೆ ಎಂದ ದಿನ ಬುಚ್ಚಮ್ಮ ಅದನ್ನು ಬಹುಮಾನವೆಂದು ತಿಳಿದು ನಾಲ್ಕು ಮನೆಗೆ ಸಕ್ಕರೆ ಹಂಚಿದಳು. ಅವಳ ಮಕ್ಕಳು ಕಡ್ಡಿಯಂತಿದ್ದ ಕಾಲದಲ್ಲಿ ಯಾರೂ ಕಾರ್ಡು ಕೊಟ್ಟಿರಲಿಲ್ಲ. ಕೆಂಪು ಅಕ್ಷರ ಓದಿದ್ದು ಶ್ರೀನಾಥ. ಆ ಸಂಜೆ ಅವನು ಹೆಂಡತಿಗೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಪ್ರಶಾಂತಿ ಮರುದಿನದಿಂದ ಮಗುವಿನ ತಟ್ಟೆಯ ಅನ್ನ ಅರ್ಧ ಮಾಡಿದಳು, ತನ್ನದನ್ನೂ. ಹಸಿದ ಮಗು ನಮ್ಮಿಂದ ಇನ್ನಷ್ಟು ತಿಂಡಿ ವಸೂಲಿ ಮಾಡಿತು. ತಿಂಗಳ ಕೊನೆಗೆ ಮಗಳ ತೂಕ ಏರಿತ್ತು, ತಾಯಿಯದು ಇಳಿದಿತ್ತು.

ಆಗ ತಾವೇ ವಿಚಾರಣೆಗೆ ಬಂದಿರಿ. ಮಗುವನ್ನು ಬಯಲಲ್ಲಿ ಆಡಲು ಬಿಡಬೇಕೆಂದು ಪ್ರಶಾಂತಿಗೆ ಉಪದೇಶಿಸುತ್ತಿರುವಾಗ ಕರುಣಾ ತಮ್ಮ ಫೈಲಿನ ದಾರ ಬಿಚ್ಚತೊಡಗಿದಳು. ತಾವು ಜೇಬಿನಿಂದ ಒಂದು ಚಾಕಲೇಟು ತೆಗೆದುಕೊಟ್ಟಿರಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಪ್ರಶಾಂತಿ ಮೊದಲ ಸಲ ಬಾಯಿ ತೆರೆದಳು:

“ಸಾರ್, ಆಕಿನ್ನ ಅರ್ಧ ತಾಸು ಸುಮ್ನ ಕುಂದ್ರಸಾಕ ನಿಮಗ ಎರಡು ಚಾಕಲೇಟ್ ಬೇಕಾದವು. ನಮಗ ದಿನಾ ಹತ್ತು ತಾಸು ಐತ್ರಿ.”

ತಾವು ಗಡಿಯಾರ ನೋಡಿಕೊಂಡು ಎದ್ದಿರಿ. ವರದಿಯಲ್ಲಿ ಈ ಸಂಗತಿ ಏಕೋ ಬಿಟ್ಟುಹೋಗಿದೆ.

ನನಗೆ ಮಾತ್ರ ಆ ಮಾತು ನಾಟಿತು. ತಾಯಿ-ಮಗಳನ್ನು ಮಕ್ತಲ್‌ನಲ್ಲಿರುವ ಅವಳ ತವರಿಗೆ ಕಳಿಸಿದೆ. ಅಲ್ಲಿ ಅಂಗಳವಿದೆ, ಎರಡು ಮೇಕೆಗಳಿವೆ. ಕರುಣಾ ದಿನವಿಡೀ ಮೇಕೆಗಳ ಹಿಂದೆ ಓಡಿದಳು, ತಟ್ಟೆ ತುಂಬ ಉಂಡಳು. ಎರಡು ತಿಂಗಳಲ್ಲಿ ತೂಕ ಇದ್ದಲ್ಲೇ ನಿಂತು ಎತ್ತರವಷ್ಟೇ ಹೆಚ್ಚಿತ್ತು. ತಾಯಿ ಅದೇ, ಮಗು ಅದೇ, ಉಣಿಸುವ ಕೈ ಅದೇ. ಹಾಗಾದರೆ ಬದಲಾದದ್ದೇನು, ಮಾನ್ಯರೇ? ಈ ಸುಧಾರಣೆಗೆ ಮೇಕೆಗಳ ಹೆಸರಿನಲ್ಲಿ ಒಂದು ಪ್ರಶಂಸಾಪತ್ರ ಕೊಡುವಿರಾ?

ಕಳೆದ ವಾರ ಶ್ರೀನಾಥ ಅಲ್ಲಿಗೆ ಹೋಗಿ, ತಪ್ಪಾಯಿತು, ಮನೆಗೆ ಬಾ ಎಂದು ಹೆಂಡತಿಯನ್ನು ಕೇಳಿಕೊಂಡ. ಅವಳು ಅಂದದ್ದು ಇಷ್ಟೇ: “ಕೂಸು ಓಡಾಡಾಕ ಜಾಗ ತೋರಸ್ರಿ, ಬರ್ತೀನಿ.”

ಜಾಗ ಇದೆ. ನಮ್ಮ ಓಣಿಯ ಹಿಂದಿನ ಅಂಗನವಾಡಿಯ ಅಂಗಳದಲ್ಲಿ ತಮ್ಮ ಕಚೇರಿಯ ಮುರಿದ ಬೀರುಗಳು, ಚಕ್ರವಿಲ್ಲದ ಒಂದು ಜೀಪು ಹಾಯಾಗಿ ವಿಶ್ರಾಂತಿ ಪಡೆಯುತ್ತಿವೆ. ಗೇಟಿಗೆ ಬೀಗವಿದೆ, ತೂಕದ ದಿನವಷ್ಟೇ ತೆಗೆಯುತ್ತಾರೆ. ಕಾರ್ಡಿನ ಆ ಎರಡು ಪದಗಳನ್ನು ಹೊಡೆದುಹಾಕಿ, ಭಾನುವಾರ ಬೆಳಿಗ್ಗೆ ಆ ಗೇಟು ತೆರೆಸಿ. ಬೀರು ಹೊರಲು ಓಣಿಯಿಂದ ಹನ್ನೆರಡು ಜನ ಬರುತ್ತೇವೆ. ಜೀಪನ್ನು ಇದ್ದಲ್ಲೇ ಬಿಡಿ, ಮಕ್ಕಳು ಹತ್ತಿ ಇಳಿಯಲಿ. ಅದು ಸರ್ಕಾರಿ ಕೆಲಸಕ್ಕೆ ಒದಗಿ ಎಷ್ಟು ವರ್ಷವಾಯಿತೋ.

ಇಂತಿ,
ಸೊಸೆ ಬರುವಳೆಂದು ದಿನವೂ ಮಕ್ತಲ್ ಬಸ್ಸಿನತ್ತ ನೋಡುವ
ಅಂಜಯ್ಯ