ಮೊಂಡಿಯ ಚಿಕಿತ್ಸೆಯ ಖರ್ಚು

ಅಕ್ಕಾ,

ಓದುವ ಮೊದಲೇ ಬೈದುಬಿಡು. ನಿನಗೆ ಕೊಟ್ಟ ಮಾತು ಮುರಿದಿದ್ದೇನೆ. ಸವಾರರ ಸಂಘದ ಸಭೆಯಲ್ಲಿ ಎದ್ದು ನಿಂತು, ಆ ದಿನ ನಿನ್ನ ಕೈಯಲ್ಲಿ ದುಡ್ಡಿರಲಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಹೇಳದೆ ಏನು ಮಾಡಲಿ? ಖಜಾಂಚಿ ಮೀಸೆ ಸವರಿಕೊಂಡು, "ಪದಕದ ಆಸೆಗೆ ಕುದುರೆ ಕೊಂದೋರೂ ನಮ್ಮಲ್ಲೇ ಇದ್ದಾರೆ" ಎಂದ. ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಎಲ್ಲರೂ ತಿರುಗಿ ನನ್ನ ಮುಖ ನೋಡಿದರು.

ಅವರು ಕಂಡದ್ದಿಷ್ಟೇ. ದೂರದ ಓಟದ ಎರಡನೆಯ ಸುತ್ತು ಮುಗಿಸಿ ಬಂದಾಗ ನಿನ್ನ ಹೆಣ್ಣುಕುದುರೆ ಮೊಂಡಿಯ ಎದೆಬಡಿತ ಇಳಿಯಲಿಲ್ಲ. ತಪಾಸಣೆಯ ಡಾಕ್ಟರು ಹೊಟ್ಟೆ ಪರೀಕ್ಷಿಸಿ, ಕರುಳಿನ ಸದ್ದೇ ಇಲ್ಲ, ಚಿಕಿತ್ಸೆಯ ಡಾಕ್ಟರಿಗೆ ತೋರಿಸು ಎಂದರು. ಡ್ರಿಪ್ ಹಾಕಿಸಿದ ಕುದುರೆ ಸ್ಪರ್ಧೆಯಿಂದ ಹೊರಗೆ. ನೀನು ಅಲ್ಲಿಗೆ ಹೋಗಿ ಡ್ರಿಪ್ ಹಾಕಿಸದೆ ಬಂದು, ಲಗಾಮು ಹಿಡಿದು ಮೊಂಡಿಯನ್ನು ನಡೆಸತೊಡಗಿದೆ. ಪದಕದಾಸೆ ಎಂದು ಆಗಲೇ ಆಡಿಕೊಂಡರು.

ಬಕೆಟ್ಟು, ಸ್ಪಂಜು ಹಿಡಿದು ನಿನ್ನ ಬೆನ್ನಿಗೇ ಇದ್ದವಳು ನಾನು. ಪ್ರವೇಶ ಶುಲ್ಕದಲ್ಲಿ ತಪಾಸಣೆ ಮಾತ್ರ ಸೇರಿದೆ, ಚಿಕಿತ್ಸೆಯ ಖರ್ಚು ಸವಾರರದೇ, ಒಪ್ಪದೆ ಸೂಜಿ ಚುಚ್ಚುವಂತಿಲ್ಲ ಎಂದು ನಿಯಮ ವಿವರಿಸಿ ಚಿಕಿತ್ಸೆಯ ಡಾಕ್ಟರು ಮೊತ್ತ ಹೇಳಿದಾಗ ನಿನ್ನ ಮುಖ ಬಿಳಿಚಿಕೊಂಡಿತು. ಇದ್ದದ್ದೆಲ್ಲ ಶುಲ್ಕಕ್ಕೆ, ಲಾಳಕ್ಕೆ, ಬಾಡಿಗೆ ಲಾರಿಗೆ ಹೋಗಿತ್ತು. ಯಾರನ್ನಾದರೂ ಕೇಳೋಣ ಎಂದು ನಾನು ಗೋಗರೆದೆ. "ಯಾರ ಮುಂದೂ ಕೈ ಚಾಚೋದು ಬೇಡ. ನಡೆದ್ರೆ ಸರಿಹೋಗ್ತಾಳೆ" ಎಂದು ನೀನು ಹಲ್ಲು ಕಚ್ಚಿದೆ. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ಆ ಪ್ರಾಣಿ ಅವತ್ತು ನೀನು ಕರೆದಲ್ಲೆಲ್ಲ ನಡೆಯಿತು. ಬೇಲಿಯ ಹತ್ತಿರ ಮೊಣಕಾಲೂರಿ ಬಿದ್ದಾಗ ಡಾಕ್ಟರು ಓಡಿ ಬಂದರು, ಒಪ್ಪಿಗೆಯನ್ನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು.

ಬಡವಿ ಅನ್ನಿಸಿಕೊಳ್ಳುವುದಕ್ಕಿಂತ ಕೊಲೆಗಾತಿ ಅನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡೆಯಲ್ಲ, ಎಂಥ ಹಾಳು ಸ್ವಾಭಿಮಾನ ನಿನ್ನದು! ನನ್ನ ಬಾಯಿಗೂ ಬೀಗ ಹಾಕಿ, ಜೀನು ಮಾರಿ ಊರನ್ನೇ ಬಿಟ್ಟೆ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಂಕಟವೂ ಇದೆ.

ನಾನು ಹೇಳಿ ಕುಳಿತ ಮೇಲೆ ಚಿಕಿತ್ಸೆಯ ಡಾಕ್ಟರು ಕನ್ನಡಕ ತೆಗೆದು ಎದ್ದರು.

"ದುಡ್ಡಿಲ್ಲ ಅಂದಿದ್ರೆ, ಅದನ್ನ ಆಮೇಲೆ ನೋಡ್ಕೊಳ್ಳೋಣ ಅಂತಿದ್ದೆ. ಆದ್ರೆ ಕುದುರೆ ಮೈ ಮುಟ್ಟೋಕೆ ಮೊದಲೇ ಖರ್ಚು ಹೇಳಿದ್ದು ನಾನು. ಆ ಹುಡುಗಿ ಹೇಗೆ ಬಾಯಿ ಬಿಡ್ತಾಳೆ?"

ಸಭೆ ಅಲ್ಲೇ ತೀರ್ಮಾನಿಸಿತು. ಇನ್ನು ಮೇಲೆ ಪ್ರತಿಯೊಬ್ಬರ ಶುಲ್ಕದಲ್ಲೂ ಚಿಕಿತ್ಸೆಗೆಂದು ಒಂದು ಪಾಲು ತೆಗೆದಿಡುತ್ತಾರೆ. ಯಾರ ಕುದುರೆ ಮಲಗಿದರೂ ಖರ್ಚು ಅದರಿಂದಲೇ. ಓಟದ ಬಯಲಿನಲ್ಲಿ ಡಾಕ್ಟರು ದುಡ್ಡಿನ ಮಾತೆತ್ತುವ ಹಾಗಿಲ್ಲ. ಮೊದಲು ಕೈಯೆತ್ತಿದ್ದು ಆ ಖಜಾಂಚಿಯೇ. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಕೈ ಮೇಲೇಳಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಹೊರಡುವಾಗ ಡಾಕ್ಟರು ನನ್ನನ್ನು ತಡೆದು, "ನಿಮ್ಮಕ್ಕ ನನ್ನನ್ನ ಕ್ಷಮಿಸ್ತಾಳಾ?" ಎಂದು ಕೇಳಿದರು. ಕ್ಷಮಿಸಬೇಕಾದ ಮೊಂಡಿ ಹೋಗಿಬಿಟ್ಟಳು ಅಕ್ಕ, ಕ್ಷಮೆ ಕೇಳುವವರೇ ಇಬ್ಬರು ಉಳಿದಿದ್ದೀರಿ.

ಚಿಕ್ಕವಳು ದೊಡ್ಡವರನ್ನು ಹರಸಬಾರದು ಅನ್ನುತ್ತಾರೆ. ಆದರೂ ಹರಸುತ್ತೇನೆ, ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನ ತಂಗಿ