ಕೈಗೆ ಸಿಗಬೇಕು, ಕೈಗೆ ಸಿಗಬಾರದು

ಹೋಬೋಕನ್, ನ್ಯೂಜೆರ್ಸಿ
೨೪ ಅಕ್ಟೋಬರ್ ೧೯೮೮, ಸೋಮವಾರ

ಪುಟ್ಟಿಯ ಅಪ್ಪನಿಗೆ ಅನಸೂಯ ಮಾಡುವ ಪ್ರೀತಿಯ ನಮಸ್ಕಾರಗಳು.

ಹೆಸರು ಹಿಡಿದು ಬರೆಯೋಣವೆಂದೇ ಕೂತೆ. ಒಂಬತ್ತು ವರ್ಷದಿಂದ ಅಮೆರಿಕದ ನೀರು ಕುಡಿದರೂ ಪೆನ್ನು ಮುಂದೆ ಹೋಗಲಿಲ್ಲ, ನಗಬೇಡಿ. ಮಾವನವರು ಹೇಗಿದ್ದಾರೆ? ಆಪರೇಶನ್ನಿನ ಹೊಲಿಗೆ ಬಿಚ್ಚಿದರೇ? ಹದಿನೈದು ದಿನ ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದರೆ ಅವರು ಹದಿನಾರು ಸಲ ಹತ್ತಿ ಇಳಿಯುವವರು; ಎದುರಿಗೇ ಕೂತು ಕಾಯಿರಿ. ಅತ್ತೆಯವರ ಮಂಡಿನೋವಿಗೆ ಕಳಿಸಿದ ಮುಲಾಮು ಹಚ್ಚುತ್ತಿದ್ದಾರೋ, ಇಲ್ಲ ಬಂದವರಿಗೆಲ್ಲ ತೋರಿಸುವುದಕ್ಕೇ ಇಟ್ಟಿದ್ದಾರೋ? ಮಂಡ್ಯದ ಮನೆಯ ಊಟಕ್ಕೆ ನಿಮ್ಮ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂದು ನಾನು ಕೇಳುವುದಿಲ್ಲ, ಏರ್‌ಪೋರ್ಟಿನಲ್ಲಿ ಕಂಡೇ ಕಾಣುತ್ತದಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ಹೀಟರ್ ಮಾತ್ರ ಇನ್ನೂ ನಿದ್ದೆಯಲ್ಲಿದೆ. ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದು ಮಾತಾಡಿದರೆ ಗಾಳಿ ಬರುತ್ತದೆ. ಒಂದನೇ ಕ್ಲಾಸಿನವರೆಲ್ಲ ಹಲ್ಲಿಲ್ಲದವರೇ ಅಂತೆ, ಅದಕ್ಕೇ ಹೆಮ್ಮೆ. ಶಾಲೆ ಮುಗಿಸಿ ಮೇಲಿನ ಮನೆಯ ಮಿಸೆಸ್ ರಿಚ್ಚಿ ಹತ್ತಿರ ಇರುತ್ತಾಳೆ. ಆ ಅಜ್ಜಿ ತಿನ್ನಿಸಿ ತಿನ್ನಿಸಿ ಮಗುವಿನ ಕೆನ್ನೆ ಬನ್ನಿನ ಹಾಗೆ ಮಾಡಿದ್ದಾಳೆ. ನಾನು ಲ್ಯಾಬಿನಿಂದ ಬಂದು ಕರೆದರೆ "ಫೈವ್ ಮಿನಿಟ್ಸ್, ಅಮ್ಮಾ" ಅನ್ನುತ್ತಾಳೆ. ಆ ಐದು ನಿಮಿಷ ಯಾವತ್ತೂ ಇಪ್ಪತ್ತೈದಕ್ಕೆ ಕಡಿಮೆಯಿಲ್ಲ. ನೀವಿಲ್ಲದಿದ್ದರೆ ಮನೆ ಎಷ್ಟು ಚೊಕ್ಕಟ ಇರುತ್ತದೆ ಗೊತ್ತೇ? ಆದರೂ ಬೇಗ ಬನ್ನಿ.

ಇನ್ನು ನೀವು ಎರಡು ಕಾಗದದಲ್ಲೂ ಅಡಿಗೆರೆ ಎಳೆದು ಕೇಳಿರುವ ಆ ವಿಷಯ. ಸುತ್ತಿ ಬಳಸಿ ಹೇಳುವುದಿಲ್ಲ. ಹೋದ ವರ್ಷ ಇಲ್ಲಿಯ ಪುಂಡರು ನಮ್ಮ ಇಂಡಿಯಾದವರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದ ದಿನಗಳಲ್ಲಿ, ಟ್ರೇನ್ ಇಳಿದು ಬರುತ್ತಿದ್ದ ನನ್ನ ಮೇಲೆ ಕಾರಿನಿಂದ ಮೊಟ್ಟೆ ಎಸೆದು, ಹಣೆಯ ಕುಂಕುಮ ತೋರಿಸಿ ಕೂಗಿಕೊಂಡು ಹೋದರಲ್ಲ, ಆವತ್ತು ನೀವು ಊಟ ಮಾಡಲಿಲ್ಲ. ಪರ್ಮಿಟ್ಟಿಗೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ತಿಂಗಳುಗಟ್ಟಲೆ ಕಾದು ರಿವಾಲ್ವರ್ ತಂದಿರಿ. ನನಗೂ ಧೈರ್ಯವೇ ಆಯಿತು, ಸುಳ್ಳು ಹೇಳುವುದಿಲ್ಲ. ಗುಂಡು ಹೊಡೆಯಲು ಕಲಿಸುವ ಜಾಗಕ್ಕೆ ಇಬ್ಬರೂ ಎರಡು ಭಾನುವಾರ ಹೋದಾಗ ನಿಮಗಿಂತ ನನ್ನ ಗುರಿಯೇ ನೆಟ್ಟಗಿತ್ತು, ಆ ಮೇಷ್ಟ್ರು ನಿಮ್ಮೆದುರಿಗೇ ಹೇಳಿದ್ದು ಮರೆತಿಲ್ಲ ತಾನೇ? ಹೊರಡುವಾಗ ನೀವು "ಅದು ರೆಡಿಯಾಗಿರಬೇಕು, ಅನು" ಅಂದಿರಿ. ಆಗಲಿ ಅಂದೆ. ಎಲ್ಲಿ ರೆಡಿಯಾಗಿರಬೇಕು ಎನ್ನುವುದು ನೀವು ವಿಮಾನ ಹತ್ತಿದ ಮೇಲೆ ನನ್ನ ತಲೆಗೆ ಬಂತು.

ಮಂಚದ ಪಕ್ಕದ ಡ್ರಾಯರಿನಲ್ಲಿ, ಗುಂಡು ತುಂಬಿ: ಇದು ನಿಮ್ಮ ವ್ಯವಸ್ಥೆ. ನೀವು ಹೋದ ಮಾರನೆಯ ದಿನ ನನಗೆ ನೆಗಡಿ. ಪುಟ್ಟಿ ನಾನು ಕೇಳದೆಯೇ ಅದೇ ಡ್ರಾಯರಿನಿಂದ ವಿಕ್ಸ್ ಡಬ್ಬಿ ತಂದು ಕೈಗಿಟ್ಟಳು. ನನ್ನ ನೆಗಡಿ ಅಲ್ಲೇ ಇಳಿದು ಹೋಯಿತು ಕಣ್ರೀ. ಆ ಕ್ಷಣವೇ ಗುಂಡು ತೆಗೆದು, ರಿವಾಲ್ವರನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಟ್ರಂಕನ್ನು ಬಟ್ಟೆಯ ಕ್ಲೋಸೆಟ್ಟಿನ ಮೇಲಿನ ಹಲಗೆಗೆ ಏರಿಸಿ, ಗುಂಡುಗಳನ್ನು ಅಡುಗೆಮನೆಯ ಹಳೆಯ ಸಾರಿನಪುಡಿ ಡಬ್ಬಿಗೆ ಹಾಕಿದೆ. ಮಗು ನಿಶ್ಚಿಂತೆ. ಆದರೆ ಹೊರಗಿನವನು ಬಾಗಿಲು ಒದ್ದರೆ ನನ್ನ ಗತಿ? ಪುಟ್ಟಿ ಮಿಸೆಸ್ ರಿಚ್ಚಿ ಮನೆಯಲ್ಲಿದ್ದ ಒಂದು ಶನಿವಾರ ಮಧ್ಯಾಹ್ನ ಗಡಿಯಾರ ಎದುರಿಗಿಟ್ಟುಕೊಂಡು ಪರೀಕ್ಷೆ ಮಾಡಿದೆ. ಸ್ಟೂಲು ತಂದು, ಹತ್ತಿ, ಟ್ರಂಕಿಳಿಸಿ, ಕೀಲಿ ಹುಡುಕಿ, ಡಬ್ಬಿ ತಂದು, ಗುಂಡು ತುಂಬುವ ಹೊತ್ತಿಗೆ ನಾಲ್ಕು ನಿಮಿಷ ದಾಟಿತು. ಅಷ್ಟರಲ್ಲಿ ಬಂದ ಕಳ್ಳ ಕಾಫಿ ಮಾಡಿ ಕುಡಿದು ಲೋಟ ತೊಳೆದಿಟ್ಟು ಹೋಗಬಹುದು. ಜೊತೆಗೆ ಗುಂಡುಗಳಿಗೆಲ್ಲ ಇಂಗಿನ ವಾಸನೆ.

ಈಶಣ್ಣನವರು ನಮ್ಮನ್ನು ನೋಡಿಕೊಂಡು ಹೋಗಲು ನ್ಯೂಯಾರ್ಕಿನಾಚೆಯ ಜೆರಿಕೋದಿಂದ ಬಂದಿದ್ದರು, ಶೈಲಮ್ಮನವರೂ ಜೊತೆಗೆ. ಹುಬ್ಬಳ್ಳಿ ಡಾಕ್ಟರಲ್ಲವೇ, ಯಾವುದಕ್ಕೂ ಎರಡು ಮಾತಿಲ್ಲ. "ತಂಗಿ, ಕೀಲಿ ಹಾಕಿ ಇಡೂದಾದ್ರ ರಿವಾಲ್ವರ್ ಯಾಕ ಬೇಕ್ರೀ, ಒಂದು ಕಲ್ಲ ಇಟ್ಕೋರಿ. ನನ್ನ ನೋಡ್ರಿ, ದಿಂಬಿನ ಬುಡಕ ಇಟ್ಟು ಆರಾಮ್ ಮಲಗ್ತೀನಿ" ಅಂದರು. ಶೈಲಮ್ಮ ತಟ್ಟನೆ "ಇವರ ಗೊರಕೀಗೇ ಕಳ್ಳ ಓಡಿ ಹೋಗ್ತಾನ, ಅದಕ್ಕ ಆರಾಮ್" ಅಂದುಬಿಟ್ಟರು. ನಕ್ಕು ನಕ್ಕು ಸಾಕಾಯಿತು. ಆದರೆ ಅವರ ಮಕ್ಕಳಿಬ್ಬರೂ ಕಾಲೇಜಿಗೆ ಹೋಗಿ ಮನೆ ಖಾಲಿ. ನಮ್ಮ ಮನೆಯಲ್ಲಿ ನೀವಿಲ್ಲದ ದಿನದಿಂದ ಪುಟ್ಟಿ ಮಲಗುವುದೇ ನಿಮ್ಮ ದಿಂಬಿನ ಮೇಲೆ. ಅವರು ಹೋದ ಮೇಲೆ ಅಕ್ಕಿ ಡ್ರಮ್ಮಿನಲ್ಲಿ ಹುದುಗಿಸಿಡೋಣವೆಂದು ನೋಡಿದೆ. ಅಕ್ಕಿ ಅಳೆದು ಕೊಡುವುದು ನಿಮ್ಮ ಮಗಳ ಕೆಲಸ ಎಂದು ಡ್ರಮ್ಮಿನ ಮುಚ್ಚಳ ತೆಗೆದಾಗ ನೆನಪಾಯಿತು. ನನಗೆ ಕೈಗೆ ಸಿಗಬೇಕು, ಅವಳ ಕೈಗೆ ಸಿಗಬಾರದು. ಇರುವುದು ಎರಡು ರೂಮಿನ ಮನೆ, ನನ್ನ ಕೈ ಹೋಗುವ ಕಡೆಯೆಲ್ಲ ಅವಳ ಕೈಯೂ ಹೋಗುತ್ತದೆ.

ಕೊನೆಗೆ ಹೊಳೆದದ್ದು ದೇವರ ಜಾಗ. ಹಾಲ್‌ನ ಪುಟ್ಟ ಕ್ಲೋಸೆಟ್ಟಿನಲ್ಲಿ ದೇವರನ್ನಿಟ್ಟಿದ್ದೇವಲ್ಲ, ಅಲ್ಲಿ ಮಾತ್ರ ಪುಟ್ಟಿ ಆಡುವುದಿಲ್ಲ, ಸ್ನಾನವಾಗದೆ ಬಾಗಿಲನ್ನೂ ಮುಟ್ಟುವುದಿಲ್ಲ. ರಿವಾಲ್ವರ್ ಚಾಮುಂಡಿಯ ಫೋಟೋ ಹಿಂದೆ, ಗುಂಡು ಮೇಲಿನ ಹಲಗೆಯ ಕರ್ಪೂರದ ಡಬ್ಬಿಯಲ್ಲಿ. ಮತ್ತೆ ಗಡಿಯಾರ ಇಟ್ಟುಕೊಂಡು ನೋಡಿದೆ: ಅರ್ಧ ನಿಮಿಷ! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡು ವಾರ ಹಾಗೇ ಇತ್ತು. ಹೋದ ಬುಧವಾರ ಆಯುಧಪೂಜೆ. ಮನೆಯಲ್ಲಿ ನಿಜವಾದ ಆಯುಧವೇ ಇರುವಾಗ ಹಿಂದೆ ಬಚ್ಚಿಡುವುದೇಕೆಂದು ಅದನ್ನೂ ಮುಂದಕ್ಕೆ ತಂದು ಗಂಧ, ಕುಂಕುಮ ಹಚ್ಚಿ, ಒಂದು ಸೇವಂತಿಗೆ ಏರಿಸಿದೆ.

ಶುಕ್ರವಾರ ಅದನ್ನು ಪೊಲೀಸರಿಗೆ ಕೊಟ್ಟೆ.

ಕೂತುಕೊಂಡೇ ಓದಿ, ಎದ್ದು ಓಡಾಡಬೇಡಿ. ಮಾರಿಲ್ಲ, ಎಸೆದಿಲ್ಲ, ಕಾಪಿಡಲು ಕೊಟ್ಟಿದ್ದೇನೆ. ಸ್ಟೇಷನ್ನಿಗೆ ಫೋನ್ ಮಾಡಿ ನನ್ನ ಗಂಡ ಊರಲ್ಲಿಲ್ಲ, ನೀವೇ ಬಂದು ತೆಗೆದುಕೊಂಡು ಹೋಗಿ ಎಂದೆ. ದಪ್ಪ ಮೀಸೆಯ ಆಫೀಸರ್ ಒಬ್ಬ ಬಂದ. ಎರಡು ದಿನದಿಂದ ಮತ್ತೆ ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದೆ, ತೆಗೆದು ತೋರಿಸಿದೆ. ಮೊದಲು ಗುಂಡು ತೆಗೆದಿಟ್ಟ. ಆಮೇಲೆ ನಳಿಕೆಯ ಮೇಲೆ ಒಣಗಿದ ಕೆಂಪು ನೋಡಿದ್ದೇ ಒಂದು ಹೆಜ್ಜೆ ಹಿಂದಕ್ಕೆ ಹಾರಿ, "ಮ್ಯಾಮ್, ಈಸ್ ದಟ್ ಬ್ಲಡ್?" ಎಂದ. ನನ್ನ ಹಣೆ ತೋರಿಸಿ, ಇದೇ ಅದು, ವರ್ಷಕ್ಕೊಮ್ಮೆ ನಾವು ಆಯುಧಗಳಿಗೆಲ್ಲ ಇಡುತ್ತೇವೆ, ನಿಮ್ಮ ಕಾರು ಇಲ್ಲಿದ್ದಿದ್ದರೆ ಅದಕ್ಕೂ ಇಡುತ್ತಿದ್ದೆ ಎಂದು ವಿವರಿಸಿದೆ. ತಲೆ ಕೆರೆದುಕೊಂಡು ರಸೀದಿ ಬರೆದ. "ರಿವಾಲ್ವರ್ ಒಂದು, ಗುಂಡು ಆರು, ಕೆಂಪು ಪುಡಿ ಸಮೇತ" ಎಂದೇ ಬರೆದಿದ್ದಾನೆ. ರಸೀದಿ ನಿಮ್ಮ ಹೆಸರಿನಲ್ಲಿದೆ, ನಿಮ್ಮ ಪಾಸ್‌ಬುಕ್ಕಿನ ಜೊತೆ ಇಟ್ಟಿದ್ದೇನೆ.

ಹಾಗೆಂದು ನಾನೇನು ಬಾಗಿಲು ತೆರೆದಿಟ್ಟು ಕೂತಿಲ್ಲ. ಮನೆ ಮಾಲೀಕನ ಬೆನ್ನು ಬಿದ್ದು ಗಟ್ಟಿ ಬೀಗವೊಂದನ್ನು ಹಾಕಿಸಿಕೊಂಡೆ, ಒಳಗಡೆ ಸರಪಳಿಯೂ ಇದೆ. ನಾನು ಪೊರಕೆಯ ಕೋಲಿನಿಂದ ಮೇಲಕ್ಕೆ ಮೂರು ಸಲ ಕುಟ್ಟಿದರೆ ಮಿಸೆಸ್ ರಿಚ್ಚಿ ಪೊಲೀಸರಿಗೆ ಫೋನ್ ಮಾಡುತ್ತಾಳೆ. ಒಮ್ಮೆ ಮಾಡಿ ನೋಡಿದೆವು, ಫೋನ್ ಮಾಡುವ ಬದಲು ಲಟ್ಟಣಿಗೆ ಹಿಡಿದು ತಾನೇ ಇಳಿದು ಬಂದಳು. ಟ್ರೇನಿನಿಂದ ಮನೆಗೆ ಈಗ ನಾವು ನಾಲ್ಕು ಜನ ಹೆಂಗಸರು ಒಟ್ಟಿಗೆ ನಡೆದು ಬರುತ್ತೇವೆ, ಕುಂಕುಮ ಇಟ್ಟುಕೊಂಡೇ. ದಾರಿಯುದ್ದಕ್ಕೂ ಹರಟೆ. ಹೆದರಿಕೆ ಪೂರ್ತಿ ಹೋಗಿದೆ ಎನ್ನಲಾರೆ, ಆದರೆ ನಿಜವಾಗಿಯೂ ನೆಮ್ಮದಿಯಾಗಿದ್ದೇನೆ. ಮೂರು ದಿನದಿಂದ ಹಾಸಿಗೆಗೆ ಬಿದ್ದರೆ ಬೆಳಗಿನ ಅಲಾರಮ್ಮೇ ಎಬ್ಬಿಸಬೇಕು. ನಿಮಗೆ ಕೋಪ ಬಂದಿದ್ದರೆ ಮಂಡ್ಯದಲ್ಲೇ ಮುಗಿಸಿಕೊಂಡು ಬನ್ನಿ.

ಮಾವನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಬರುವಾಗ ಹುರಿಗಾಳು ಮರೆಯಬೇಡಿ, ಸೀರೆ ಬೇಡವೇ ಬೇಡ. ಬೇಡ ಎಂದಿದ್ದಕ್ಕೆ ತರದೆ ಬಂದೀರಿ ಜೋಕೆ.

ದಾರಿ ನೋಡುತ್ತಿರುವ ನಿಮ್ಮ
ಅನಸೂಯ

ಮರೆತಿದ್ದೆ: ಮರೆತಿದ್ದೆ ಎನ್ನುವುದು ಸುಳ್ಳು, ಬರೆಯಬಾರದೆಂದಿದ್ದೆ. ಮಾವನವರ ಚಿಂತೆಯಲ್ಲಿರುವವರಿಗೆ ಇದೊಂದು ಯಾಕೆ ಎಂದುಕೊಂಡೆ. ಆದರೆ ನೀವು ಬಂದವರೇ ರಸೀದಿ ಹಿಡಿದು ಸ್ಟೇಷನ್ನಿಗೆ ಹೊರಡುತ್ತೀರಿ, ನನಗೆ ಗೊತ್ತು. ಹೋಗಬೇಡಿ. ಪೂಜೆಯ ದಿನ ದೇವರ ಮುಂದೆ ಯಾವುದನ್ನೂ ಖಾಲಿ ಇಡಬಾರದೆಂದು ಆರೂ ಗುಂಡುಗಳನ್ನು ನಾನೇ, ನನ್ನ ಕೈಯಾರೆ, ತುಂಬಿ ಇಟ್ಟಿದ್ದೆ. ನೈವೇದ್ಯದ ಪಾಯಸ ತರಲು ಅಡುಗೆಮನೆಗೆ ಹೋಗಿ ಬಂದೆ, ಅಷ್ಟೇ. ಪುಟ್ಟಿ ಸ್ನಾನ ಮಾಡಿ ಲಂಗ ಉಟ್ಟು ದೇವರ ಮುಂದೆ ಕೂತು, ಅತ್ತೆಯವರು ಬಂದಿದ್ದಾಗ ಹೇಳಿಕೊಟ್ಟ ಹಾಗೆ, ಇಟ್ಟಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಾರಿನ ಕೀಲಿ ಆಗಿತ್ತು, ಕತ್ತರಿ ಆಗಿತ್ತು. ನಾನು ಬಂದಾಗ ರಿವಾಲ್ವರ್ ಅವಳ ಎರಡೂ ಕೈಯಲ್ಲಿತ್ತು. ನಳಿಕೆಯ ಬಾಯನ್ನು ಭಕ್ತಿಯಿಂದ ಬಲಗಣ್ಣಿಗೆ ಒತ್ತಿಕೊಂಡಳು. ಆಮೇಲೆ ಎಡಗಣ್ಣಿಗೆ. ಕಿರುಚಿದರೆ ಬೆಚ್ಚುತ್ತಾಳೆಂದು ಕಿರುಚಲಿಲ್ಲ, ಪಾಯಸದ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಟ್ಟೆ. ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, ಅದನ್ನು ನನ್ನ ಕಡೆ ಚಾಚಿ, "ಅಮ್ಮಾ, ಯುವರ್ ಟರ್ನ್" ಅಂದಳು.